ಒಂದು ಸಾಲು ಮೊಗ್ಗು

ಕ್ರೋಶಾ ಕಡ್ಡಿಯಲ್ಲಿ ಮೊಗ್ಗು ಹಾಕುವುದನ್ನು ಕಲಿಯಬೇಕೆಂದಿದ್ದರೆ ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಹಾಕುತ್ತಿರುವಾಗ ಅದು ನಿಮಗೆ ಕಾಣಿಸುವುದಿಲ್ಲ. ಉಲ್ಲನ್ನಿನ ಎಳೆಯನ್ನು ಕಡ್ಡಿಗೆ ಸುತ್ತಿ, ಒಂದು ತೂತಿನೊಳಗೆ ಇಳಿಸಿ, ಎಳೆದು, ಹಾಗೆ ಏಳುವ ಉದ್ದನೆಯ ಕುಣಿಕೆಯನ್ನು, ಅಂದರೆ ಕಂಬವನ್ನು, ಅರ್ಧಕ್ಕೇ ನಿಲ್ಲಿಸಬೇಕು. ಅದೇ ತೂತಿನಲ್ಲಿ ಮತ್ತೆ, ಇನ್ನೂ ಒಮ್ಮೆ, ಹೀಗೆ ಐದು ಸಲ. ಪೂರ್ತಿಯಾಗದ ಐದು ಕಂಬಗಳು ಕಡ್ಡಿಯ ಮೇಲೆ ಸಾಲಾಗಿ ನಿಂತಿರುವಾಗ ಎಳೆಯನ್ನು ಕೊನೆಯ ಬಾರಿ ಸುತ್ತಿ ಎಲ್ಲದರ ನಡುವಿನಿಂದ ಒಂದೇ ಉಸಿರಿಗೆ ಎಳೆದರೆ, ಐದೂ ಒಂದನ್ನೊಂದು ಒತ್ತಿಕೊಂಡು ಆಚೆ ಬದಿಗೆ ಉಬ್ಬುತ್ತವೆ. ಕಣ್ಣಿನ ಕಡೆಗೆ ಇರುವುದು ಸಪಾಟಾದ ಹೆಣಿಗೆ. ಮೊಗ್ಗು ಮೂಡುವುದು ಹಿಂದೆ. ಮೂಡಿತೆಂಬುದು ಎಡಗೈಯ ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ನನಗೆ ಇದನ್ನು ಕಲಿಸಿದವಳು ವೇಣಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಹೊಸನಗರಕ್ಕೆ ಹೈಸ್ಕೂಲಿನ ಗಣಿತ, ವಿಜ್ಞಾನದ ಟೀಚರಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಮನೆಯ ಅರ್ಧ ಭಾಗ. ಇನ್ನರ್ಧದಲ್ಲಿ ವೇಣಿ ಮತ್ತು ಅವಳ ಅತ್ತೆ ಗಿರಿಜಮ್ಮ ಇದ್ದರು. ನಡುವೆ ಒಂದು ಬಾಗಿಲು, ಅದಕ್ಕೆ ಯಾರೂ ಚಿಲಕ ಹಾಕುತ್ತಿರಲಿಲ್ಲ. ವೇಣಿಯ ಗಂಡ ಲಿಂಗನಮಕ್ಕಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಗಿರಿಜಮ್ಮನ ಹಳ್ಳಿ ಮುಳುಗಿದ್ದು ಆ ಅಣೆಕಟ್ಟಿನ ನೀರಿನಲ್ಲೇ. ನಮ್ಮನೆ ಮೇಲೆ ನಿಂತ ನೀರನ್ನ ನನ್ನ ಮಗ ಕಾಯ್ತಾನೆ ಎಂದು ಅವರು ನಗದೆ ಹೇಳುತ್ತಿದ್ದರು. ವೇಣಿ ತೀರ್ಥಹಳ್ಳಿ ಕಡೆಯವಳು. ನಾನೂ ಅಲ್ಲಿಯವಳೇ ಎಂದು ತಿಳಿದ ದಿನವೇ ಅವಳು ‘ಟೀಚರ್ರೇ’ ಎನ್ನುವುದನ್ನು ಬಿಟ್ಟು ‘ಸುಮತಿ’ ಎಂದಳು.

ಅವಳು ಬಸುರಿಯಾಗಿ ಐದು ತುಂಬಿದಾಗ ನನಗೆ ಈ ವಿದ್ಯೆ ಕಲಿಸಲು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಹುಟ್ಟುವ ಮಗುವಿಗೆಂದು ಮುಂಚಿತವಾಗಿ ಏನನ್ನೂ ಮಾಡಿಡಬಾರದು, ತೊಟ್ಟಿಲು ಕೊಳ್ಳಬಾರದು, ಕುಲಾವಿ ಹೊಲಿಯಬಾರದು ಎಂಬುದು ಆ ಮನೆಯ ಕಟ್ಟುನಿಟ್ಟು. ವೇಣಿಯ ಕೈಯೋ, ಸುಮ್ಮನೆ ಕೂರುವ ಜಾತಿಯದಲ್ಲ.

“ನಾನು ಹಾಕಿದ್ರೆ ತಾನೆ ತಪ್ಪು? ನೀನು ಹಾಕು,” ಎಂದಳು. “ನಿನಗೆ ಅಂತಾನೇ ಹಾಕ್ಕೋ ಮಾರಾಯ್ತಿ. ಹುಟ್ಟಿದ ಮೇಲೆ ನಿನಗೇ ಮನಸ್ಸಾಗಿ ನನಗೆ ಕೊಟ್ಟೆ ಅಂದ್ರೆ ಯಾರು ಕೇಳ್ತಾರೆ?”

“ಇಷ್ಟು ಪುಟ್ಟ ಶಾಲು ನಿಮಗೆಂತಕ್ಕೆ ಅಂತ ನಿಮ್ಮತ್ತೆ ಕೇಳಲ್ವಾ?”

“ಕುತ್ತಿಗೆಗೆ ಅನ್ನು. ಮಕ್ಕಳ ಮೇಲೆ ಕೂಗಿ ಕೂಗಿ ಟೀಚರ್‌ಗಳಿಗೆ ಗಂಟಲು ಕಟ್ಟತ್ತಲ್ಲ.”

ಹಾಗೆ ಸಾಗರದ ಪೇಟೆಯಿಂದ ತಿಳಿಹಳದಿ ಉಲ್ಲನ್ ಬಂತು. ಸಂಜೆ ಶಾಲೆಯಿಂದ ಬಂದು ನಾನು ಅವಳ ಮುಂದೆ ಕೂರುತ್ತಿದ್ದೆ. ಚೈನು ಹಾಕುವುದು, ಕಂಬ ಹಾಕುವುದು ಎರಡು ದಿನಕ್ಕೆ ಬಂದವು; ಮೊಗ್ಗಿಗೆ ಎರಡು ವಾರ ಹಿಡಿಯಿತು. ಐದು ಕಂಬದ ಬದಲು ನಾಲ್ಕು ಹಾಕಿಬಿಡುತ್ತಿದ್ದೆ. ವೇಣಿ ಕಣ್ಣು ಮುಚ್ಚಿಕೊಂಡು ಹೆಣಿಗೆಯ ಹಿಂಬದಿಯ ಮೇಲೆ ಬೆರಳಾಡಿಸಿ, ಸೊರಗಿದ ಮೊಗ್ಗಿನ ಮೇಲೆ ನಿಲ್ಲಿಸುತ್ತಿದ್ದಳು.

“ಇದೆಂತ, ಮೊಗ್ಗಾ ಮೊಡವೆಯಾ? ಬಿಚ್ಚು. ಐದರ ತನಕ ಎಣಿಸಕ್ಕೆ ಬರಲ್ಲ, ಇವಳು ಮಕ್ಕಳಿಗೆ ಲೆಕ್ಕ ಹೇಳ್ತಾಳೆ!”

ಎಳೆ ಹಿಡಿದು ಜಗ್ಗಿದರೆ ಒಂದು ಸಂಜೆಯ ಕೆಲಸ ಒಂದು ಗಳಿಗೆಯಲ್ಲಿ ಹರಿದು ಮಡಿಲಿಗೆ ಬೀಳುತ್ತಿತ್ತು. ಬಿಚ್ಚಿದ ಉಲ್ಲನ್ ನೆಟ್ಟಗಿರುವುದಿಲ್ಲ, ಸುರುಳಿ ಸುರುಳಿಯಾಗಿ ಹಿಂದಿನ ತಪ್ಪಿನ ಆಕಾರದಲ್ಲೇ ನಿಂತಿರುತ್ತದೆ. ಆದರೂ ಅದನ್ನೇ ಮತ್ತೆ ಹಾಕಬಹುದು. ಹೆಣಿಗೆಯಲ್ಲಿ ನನಗೆ ಹಿಡಿಸಿದ್ದು ಅದೇ. ಜಗತ್ತಿನಲ್ಲಿ ಹಿಂದಕ್ಕೆ ಬಿಚ್ಚಿಕೊಂಡು ಹೋಗಬಹುದಾದ ಕೆಲಸಗಳು ಎಷ್ಟಿವೆ ಹೇಳಿ. ಆಗ ನನಗೆ ಇಪ್ಪತ್ತಾರು ವರ್ಷ. ಅಂಥ ಕೆಲಸಗಳೇ ಹೆಚ್ಚು ಎಂದುಕೊಂಡಿದ್ದೆ.

ಎಂಬತ್ತನೆಯ ಇಸವಿಯ ಸೂರ್ಯಗ್ರಹಣ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಶಿವರಾತ್ರಿ ಕಳೆದ ಅಮಾವಾಸ್ಯೆ. ಹಾಡಹಗಲಿನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡ ಮಧ್ಯಾಹ್ನ. ನಾನು ತರಗತಿಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು ಹಿಡಿದು ಇದು ನೆರಳಿನ ಆಟ, ನಮ್ಮಲ್ಲಿ ಸೂರ್ಯ ಉಗುರಿನಷ್ಟು ಉಳಿಯುತ್ತಾನೆ, ಉತ್ತರಕ್ಕೆ ಹೋದರೆ ಪೂರ್ತಿ ಕತ್ತಲು ಎಂದೆಲ್ಲ ವಿವರಿಸಿದ್ದೆ. ವೇಣಿಗೆ ಆಗ ಎಂಟನೆಯ ತಿಂಗಳು. ಮುಂದಿನ ವಾರ ಸೀಮಂತಕ್ಕೆ ತೌರಿಗೆ ಹೊರಡುವವಳು. ಗ್ರಹಣ ಹಿಡಿಯುವ ಮುಂಚೆಯೇ ಗಿರಿಜಮ್ಮ ನಡುಕೋಣೆಯಿಂದ ಈಳಿಗೆಮಣೆ, ಚಾಕು, ಕತ್ತರಿ, ಸೂಜಿದಾರ ಎಲ್ಲವನ್ನೂ ಹೊರಗೆ ಸಾಗಿಸಿ, ಕಿಟಕಿ ಮುಚ್ಚಿ, ಹಾಸಿಗೆಯ ಮೇಲೆ ಸೊಸೆಯನ್ನು ಮಲಗಿಸಿ ಕಂಬಳಿ ಹೊದಿಸಿದರು. ಬಸುರಿ ಕತ್ತರಿಸಬಾರದು, ಗಂಟು ಹಾಕಬಾರದು, ಮೈ ಮಡಚಬಾರದು.

“ಟೀಚರಮ್ಮ, ನೀವು ಓದಿದೋರು. ನಂಬ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು,” ಎಂದರು. “ಇವಳು ಎದ್ದು ಓಡಾಡದಂಗೆ ನೋಡ್ಕೊಳ್ಳಿ ಸಾಕು. ನಾನು ಈ ಹೊಸ್ತಿಲಾಚೆಗೇ ಜಪಕ್ಕೆ ಕೂತಿರ್ತೀನಿ. ಎಂತಾದ್ರೂ ಆದ್ರೆ ಒಂದು ಕೂಗು ಹಾಕಿ.”

ಬಾಗಿಲು ಮುಚ್ಚಿತು. ಮೇಲಿನ ಗಾಜಿನ ಹೆಂಚಿನಿಂದ ಒಂದು ಅಂಗೈಯಗಲ ಬಿಸಿಲು ನೆಲದ ಮೇಲೆ ಬಿದ್ದಿತ್ತು. ನಾನು ಸೀರೆಯ ಮರೆಯಿಂದ ಬಟ್ಟೆಯ ಚೀಲ ತೆಗೆದೆ. ಅದರಲ್ಲಿ ಅರ್ಧವಾದ ಹಳದಿ ಶಾಲು, ಉಂಡೆ, ಕಡ್ಡಿ. ವೇಣಿ ಕಂಬಳಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

“ಅತ್ತೆಗೆ ಗೊತ್ತಾದ್ರೆ ಸೌದೆ ತಗೊಂಡು ಬರ್ತಾರೆ ನೋಡು.”

“ಬಸುರಿ ನೀನು. ಹಾಕೋಳು ನಾನು. ರಾಹುವಿಗೆ ಅಷ್ಟೂ ಗೊತ್ತಾಗಲ್ವಾ?”

ಅವಳು ಮತ್ತೆ ನಕ್ಕಳು. ಮೂಢನಂಬಿಕೆಯ ಮೂಗಿನ ಕೆಳಗೇ ಕೂತು ಅದನ್ನು ಅಣಕಿಸುತ್ತಿದ್ದೇನೆಂಬ ಹೆಮ್ಮೆ ನನಗೆ. ಸಾಲಿಗೆ ಇಪ್ಪತ್ತು ಮೊಗ್ಗು. ಹೊಸ ಸಾಲು ಶುರುಮಾಡಿದೆ. ನೆಲದ ಮೇಲಿನ ಬಿಸಿಲು ನೋಡನೋಡುತ್ತಿದ್ದಂತೆ ಬಣ್ಣ ಬದಲಿಸತೊಡಗಿತು. ಮೋಡ ಕವಿದಾಗಿನ ಮಬ್ಬಲ್ಲ, ಸಂಜೆಯ ಕೆಂಪಲ್ಲ, ತೊಳೆಯದ ಹಿತ್ತಾಳೆಯ ಬಣ್ಣ. ಹೊರಗೆ ಒಂದು ಕಾಗೆಯೂ ಕೂಗಲಿಲ್ಲ. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿದ್ದು ಆ ಊರಿನಲ್ಲಿ ನಾನು ಅಷ್ಟು ಮೌನವನ್ನು ಕೇಳಿರಲಿಲ್ಲ.

ಮೂರನೆಯ ಮೊಗ್ಗು ಎಳೆದು ಮುಗಿಸಿದ್ದೆ. ವೇಣಿ ಹೇಳಿದಳು: “ಸುಮತಿ, ಕೆಳಗೆ ಒದ್ದೆ ಆದಂಗಿದೆ ಕಣೆ.”

“ನೋವಿದೆಯಾ?”

“ಇಲ್ಲ.”

“ಕಂಬಳಿ ಸೆಕೆ. ಬೆವರು ಇರ್ಬೇಕು. ತಡಿ, ಈ ಸಾಲೊಂದು ಮುಗಿಸ್ಬಿಡ್ತೀನಿ.”

ಗೆಳೆಯರೇ, ಈ ಮಾತನ್ನು ನಾನು ಎಷ್ಟು ಸಲ ಮತ್ತೆ ಆಡಿಕೊಂಡಿದ್ದೇನೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ತರಗತಿಯಲ್ಲಿ ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುವಾಗ ಅದು ನನ್ನದೇ ದನಿಯಲ್ಲಿ, ಅದೇ ಹಗುರದಲ್ಲಿ ಕೇಳಿಸುತ್ತದೆ. ಪ್ರತಿ ಸಲವೂ ನಾನು ಏಳಲು ಹೊರಡುತ್ತೇನೆ. ಪ್ರತಿ ಸಲವೂ ಇಪ್ಪತ್ತಾರರ ಆ ಹುಡುಗಿ ಕೂತೇ ಇರುತ್ತಾಳೆ. ಏಕೆ ಏಳಲಿಲ್ಲ? ಅವಳ ಮಾತು ನನಗೆ ಅರ್ಥವಾಗಿರಲಿಲ್ಲವೆಂದು ಬಹಳ ಕಾಲ ಹೇಳಿಕೊಂಡೆ. ಅದು ಸುಳ್ಳು. ಒಂದು ಅಳುಕು ಆಗಲೇ ಎದೆಯಲ್ಲಿ ಚುಚ್ಚಿತ್ತು. ಆದರೆ ಕೂಗಿದರೆ ಗಿರಿಜಮ್ಮ ಬಾಗಿಲು ತೆಗೆಯುತ್ತಾರೆ; ತೆಗೆದರೆ ನನ್ನ ಮಡಿಲಲ್ಲಿ ಕಡ್ಡಿ, ಎಳೆ, ಗಂಟು. ಸಾಲಿನ ನಡುವೆ ಕಡ್ಡಿ ಬಿಟ್ಟು ಬಚ್ಚಿಟ್ಟರೆ ಹಾಕಿದ್ದೆಲ್ಲ ಜಾರಿಹೋಗುತ್ತದೆ. ಸಾಲು ಮುಗಿದರೆ ಗಂಟು ಬಿಗಿದು ಚೀಲಕ್ಕೆ ಹಾಕಿ, ಏನೂ ಇಲ್ಲದವಳಂತೆ ಎದ್ದು ಕರೆಯಬಹುದು. ಸಿಕ್ಕಿಬೀಳಬಾರದು, ಅಷ್ಟೇ. ಎಷ್ಟು ಸಣ್ಣ ಭಯ ನೋಡಿ. ದೊಡ್ಡ ಭಯವಾಗಿದ್ದರೆ ಬಹುಶಃ ಎದ್ದಿರುತ್ತಿದ್ದೆ.

ಕತ್ತಲಾಯಿತು. ನೆಲದ ಮೇಲಿನ ಬೆಳಕು ಇದೆಯೋ ಇಲ್ಲವೋ ಎಂಬಷ್ಟಾಯಿತು. ಬೆರಳಿನಿಂದಲೇ ಹಾಕಿದೆ. ಐದು ಎಣಿಸಿ ಎಳೆಯುವುದು, ಹಿಂದೆ ಮುಟ್ಟಿ ನೋಡುವುದು. ಒಂದೂ ಸೊರಗಲಿಲ್ಲ. ಆ ದಿನ ನನ್ನ ಕೈ ಮೊದಲ ಬಾರಿಗೆ ಪಳಗಿತ್ತು, ನನಗೆ ಖುಷಿಯಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು. ಇಪ್ಪತ್ತನೆಯ ಮೊಗ್ಗು ಮುಗಿದಾಗ ಹೆಂಚಿನ ಬೆಳಕು ತಿರುಗಿ ಬರುತ್ತಿತ್ತು.

“ಸುಮತಿ,” ಎಂದಳು ವೇಣಿ. ಅಷ್ಟೇ. ತುಟಿ ಬೆಳ್ಳಗಾಗಿತ್ತು.

ಕಂಬಳಿ ಸರಿಸಿದೆ. ಹಾಸಿಗೆಯ ಹತ್ತಿ ಕುಡಿಯುವಷ್ಟು ಕುಡಿದು ಬಿಟ್ಟಿತ್ತು. ರಕ್ತ ಕೆಳಗೆ ಹಾಸಿದ್ದ ಮಂದಲಿಗೆಯನ್ನೂ ದಾಟಿ ನೆಲದ ಮೇಲೆ ನನ್ನ ಕಾಲಿನ ಕಡೆಗೆ ಬರುತ್ತಿತ್ತು.

ಕೂಗಿದೆ. ಇಲ್ಲಿ ನೀವು ಗಿರಿಜಮ್ಮನನ್ನು ನೋಡಬೇಕಿತ್ತು. ಗ್ರಹಣ ಬಿಟ್ಟಿರಲಿಲ್ಲ. ಅವರು ಒಳಗೆ ಬಂದು ಒಂದು ಕ್ಷಣ ನೋಡಿದರು. ಜಪಮಾಲೆಯನ್ನು ಅಲ್ಲೇ ಎಸೆದು, ಮುಂಬಾಗಿಲನ್ನು ತಾವೇ ತೆರೆದು, ನನ್ನನ್ನು ಬೀದಿಗೆ ದೂಡಿದರು. “ಓಡು! ಜೀಪು ತರಿಸು!” ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಬಾಡಿಗೆ ಜೀಪಿನವನ ಮನೆಯ ಬಾಗಿಲು ಬಡಿದೆ. ಅವನು ಒಳಗಿನಿಂದಲೇ ಅಂದ: “ಬಿಡೋ ಹೊತ್ತಾಯ್ತು ಟೀಚರ್ರೇ, ಒಂದು ತಂಬಿಗೆ ನೀರು ಹುಯ್ಕೊಂಡು ಬಂದೇಬಿಟ್ಟೆ.” ಅವನ ಹೆಂಡತಿಯ ದನಿ: “ರಕ್ತ ಹೋಗ್ತಿದೆ ಅಂತಿದಾರೆ, ನಿಮ್ಮ ಸ್ನಾನಕ್ಕೆ ಅದು ಕಾಯತ್ತಾ? ಹೊರಡ್ರೀ!” ಬಾಗಿಲು ತೆರೆದು ಅವಳೇ ಅವನ ಕೈಗೆ ಕೀಲಿ ತುರುಕಿದಳು. ಆ ದಿನ ಊರಿನಲ್ಲಿ ಗ್ರಹಣವನ್ನು ನಂಬಿದವರು ಯಾರೂ ಐದು ನಿಮಿಷ ತಡಮಾಡಲಿಲ್ಲ.

ಬಟ್ಟೆಮಲ್ಲಪ್ಪದ ದಾರಿಯಾಗಿ ಸಾಗರಕ್ಕೆ ಹೋದೆವು. ಗಿರಿಜಮ್ಮ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅವಳ ಕೆನ್ನೆ ತಟ್ಟುತ್ತಿದ್ದರು: “ಕಣ್ಣು ಬಿಡೇ. ನಿದ್ದೆ ಮಾಡ್ಬೇಡ. ಮಾತಾಡು, ನನ್ನನ್ನಾದ್ರೂ ಬೈಯಿ.” ಆಸ್ಪತ್ರೆಯ ಲೇಡಿ ಡಾಕ್ಟರು ಬಾಗಿಲಲ್ಲೇ ನೋಡಿ ಒಳಗೆ ಕರೆದುಕೊಂಡರು. ಹೊತ್ತು ಮುಳುಗುವ ಮೊದಲು ಹೊರಗೆ ಬಂದು, ಮಾಸು ಕೆಳಗೆ, ಗರ್ಭದ ಬಾಯಿಗೇ ಅಡ್ಡ ಕೂತಿತ್ತು, ತಾಯಿ ಉಳಿದಳು, ಗಂಡುಮಗು ಉಳಿಯಲಿಲ್ಲ ಎಂದರು. ಆಮೇಲೆ, ಯಾರನ್ನೂ ದೂರುವಂತಲ್ಲದೆ, “ಒಂದರ್ಧ ಗಂಟೆ ಮುಂಚೆ ತಂದಿದ್ರೆ ನೋಡ್ಬೋದಿತ್ತು,” ಎಂದರು. ಆ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಗಿರಿಜಮ್ಮ ಆಗಲೇ ಗೋಡೆಗೆ ಮುಖ ಮಾಡಿ ಕೂತಿದ್ದರು.

ಮರುದಿನ ಹಾಸಿಗೆ ಎತ್ತಿ ಒಗೆಯುವಾಗ ಅವರಿಗೆ ಚೀಲ ಸಿಕ್ಕಿತು. ಗ್ರಹಣದಲ್ಲಿ ಕೋಣೆಯೊಳಗೆ ಎಳೆ, ಗಂಟು, ಕೊಕ್ಕೆಯ ಕಡ್ಡಿ! ಮಗು ಏಕೆ ಹೋಯಿತೆಂಬುದಕ್ಕೆ ಅವರಿಗೆ ಉತ್ತರ ದೊರೆತಿತ್ತು. ಕಡ್ಡಿಯನ್ನು ಬೀದಿಗೆ ಎಸೆದರು. ಶಾಲನ್ನೂ ಎಸೆಯಲು ಹೊರಟಾಗ ನಾನು, “ಅದು ನನ್ನದು, ನನಗೆ ಅಂತ ಹಾಕ್ಕೊಂಡಿದ್ದು,” ಎಂದೆ. ವೇಣಿ ಹೇಳಿಕೊಟ್ಟ ನೆಪ ಹೀಗೆ ನಿಜವಾಯಿತು. ಈಗಲೂ ಅದು ನನ್ನ ಟ್ರಂಕಿನಲ್ಲಿದೆ. ಕೊನೆಯ ಸಾಲಿನ ಮೇಲೆ ಬೆರಳಾಡಿಸಿದರೆ ಮೂರು ಮೊಗ್ಗು ದಾಟುತ್ತಲೇ ಬೆರಳು ನಿಲ್ಲುತ್ತದೆ. ಉಳಿದ ಹದಿನೇಳು, ನಾನು ಕೂತಿದ್ದ ಹೊತ್ತಿನ ಅಳತೆ. ಬೇರೆ ಯಾವ ಹೆಣಿಗೆಯಾಗಿದ್ದರೂ ಅಷ್ಟು ಕರಾರುವಾಕ್ಕಾಗಿ ಉಳಿಯುತ್ತಿರಲಿಲ್ಲ. ಬಿಚ್ಚಬಹುದಲ್ಲ ಎಂದು ನೀವು ಕೇಳಬಹುದು. ಎಷ್ಟೋ ಸಲ ಎಳೆಯ ತುದಿ ಹಿಡಿದಿದ್ದೇನೆ. ಜಗ್ಗಲಿಕ್ಕೆ ಕೈ ಬಂದಿಲ್ಲ.

ಆಮೇಲಿನ ನಾಲ್ಕು ವರ್ಷ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಗಿರಿಜಮ್ಮ ಬಂದವರೆದುರು, “ಕೈ ಸುಮ್ಮನಿಟ್ಕೊಳ್ಳಕ್ಕಾಗ್ಲಿಲ್ಲ ಇವಳಿಗೆ, ಗ್ರಹಣದಲ್ಲಿ ನೂಲು ತರಿಸ್ಕೊಂಡ್ಳು,” ಎಂದು ಸೊಸೆಯನ್ನು ಅನ್ನುತ್ತಿದ್ದರು. ನಾನು ನಡುವಿನ ಬಾಗಿಲಿನಿಂದ ಹೋಗಿ ವಾದಿಸುತ್ತಿದ್ದೆ. ತಂದವಳು ನಾನು, ಅವಳಲ್ಲ ಎನ್ನುತ್ತಿದ್ದೆ. ನೆರಳು, ಭೂಮಿ, ಚಂದ್ರ, ನೂಲಿಗೂ ಗರ್ಭಕ್ಕೂ ಏನು ಸಂಬಂಧ ಎಂದೆಲ್ಲ ಬಿಡಿಸಿ ಹೇಳುತ್ತಿದ್ದೆ. ನನ್ನ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನೂಲು ಕೊಂದಿತೆಂಬುದನ್ನು ಎಷ್ಟು ಗಟ್ಟಿಯಾಗಿ ಅಲ್ಲಗಳೆದರೆ, ಹಾಗಾದರೆ ಮತ್ತೆ ಏನು ಎಂಬ ಪ್ರಶ್ನೆ ಅಷ್ಟು ದೂರ ಉಳಿಯುತ್ತಿತ್ತು. ವೇಣಿ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು. ಒಮ್ಮೆಯೂ ನನ್ನ ಪರ ಮಾತಾಡಲಿಲ್ಲ. ಅವಳು ಅತ್ತೆಗೆ ಹೆದರಿದ್ದಾಳೆ ಎಂದುಕೊಂಡೆ.

ನಾಲ್ಕು ವರ್ಷದ ಮೇಲೆ ಅವಳು ಮತ್ತೆ ಬಸುರಿಯಾದಳು. ಸಾಗರದ ಡಾಕ್ಟರು ನೋಡಿ, ಹಿಂದಿನಂತೆಯೇ ಆಗುವ ಸಂಭವವಿದೆ, ಎಂಟು ತುಂಬುವ ಮೊದಲೇ ಬಂದು ಆಸ್ಪತ್ರೆಯಲ್ಲಿ ಉಳಿಯಬೇಕು ಎಂದಿದ್ದರು. ಗಿರಿಜಮ್ಮ ಒಪ್ಪಲಿಲ್ಲ. “ಈ ಸಲ ಮನೇಲಿ ಒಂದು ಸೂಜಿ ಇಟ್ಟಿಲ್ಲ ನಾನು. ಗ್ರಹಣನೂ ಇಲ್ಲ. ಎಂತಕ್ಕೆ ಆಸ್ಪತ್ರೆ? ತೌರಿಗೆ ಹೋಗ್ಲಿ,” ಎಂದರು. ವೇಣಿಯ ತೌರಿಗೆ ಬಸ್ಸಿಳಿದು ಎರಡು ಮೈಲಿ ನಡೆಯಬೇಕು, ನಡುವೆ ಹೊಳೆ. ಮಗ ತಾಯಿಗೆ ಎದುರಾಡುವವನಲ್ಲ.

ಒಂದು ಸಂಜೆ ವೇಣಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ಆ ಮೈಯಲ್ಲಿ ಅಷ್ಟು ದೂರ ನಡೆದು ಬಂದಿದ್ದಳು.

“ಅತ್ತೆ ಹತ್ರ ಮಾತಾಡು.”

“ಎಷ್ಟು ಸಲ ಹೇಳಿಲ್ಲ ವೇಣಿ? ಗ್ರಹಣ ಅಂದ್ರೆ ಬರೀ ನೆರಳು ಅಂತ...”

“ನಿನ್ನ ತೆಂಗಿನಕಾಯಿ ನಿಂಬೆಹಣ್ಣು ಬೇಡ.” ಅವಳು ಎಂದೂ ಹಾಗೆ ನನ್ನ ಮಾತು ತುಂಡರಿಸಿರಲಿಲ್ಲ. “ನಾನು ಹೇಳಿದ ಮೇಲೆ ನೀನು ಎಷ್ಟು ಹೊತ್ತು ಕೂತಿದ್ದೆ ಅಂತ ಹೇಳು. ಅವರು ನೂಲಿನಿಂದ ಆಯ್ತು ಅಂತ ನಂಬಿದಾರೆ. ನೂಲು ತೆಗೆದಿಟ್ರೆ ಸಾಕು ಅಂತ ಕೂತಿದಾರೆ. ತಡ ಆಗಿದ್ರಿಂದ ಹೋಯ್ತು ಅಂತ ಗೊತ್ತಾದ್ರೆ ಮಾತ್ರ ನನ್ನ ಸಾಗರಕ್ಕೆ ಕಳಿಸ್ತಾರೆ.”

“ನೀನೇ ಯಾಕೆ ಹೇಳ್ಲಿಲ್ಲ, ಇಷ್ಟು ವರ್ಷ?”

“ನೀನು ಹೇಳ್ತೀಯ ಅಂತ ಕಾದೆ.”

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. “ನಾನು ಸತ್ರೆ ಆಮೇಲೆ ಯಾರ ಪರ ವಾದ ಮಾಡ್ತೀಯ,” ಎಂದು ಹೇಳಿ ಮನೆಯ ಕಡೆ ನಡೆದಳು. ನಾನು ಅವಳ ಹಿಂದೆಯೇ ಹೋದೆ.

ಗಿರಿಜಮ್ಮ ಹಜಾರದಲ್ಲಿ ಮೊರ ಹಿಡಿದು ಕೂತಿದ್ದರು. ನಿಂತೇ ಹೇಳಿದೆ. ಒದ್ದೆಯಾಗಿದೆ ಎಂದು ವೇಣಿ ಹೇಳಿದ್ದು, ಬೆವರೆಂದು ನಾನು ಅಂದದ್ದು, ನೀವು ಬಂದರೆ ಕಡ್ಡಿ ಕಾಣುತ್ತದೆಂದು ಕೂಗದೆ ಇದ್ದದ್ದು, ಡಾಕ್ಟರು ಹೇಳಿದ ಅರ್ಧ ಗಂಟೆಯ ಮಾತು. ಮೊರ ನಿಂತಿತು.

“ಎಷ್ಟು ಹೊತ್ತು ಕೂತಿದ್ರಿ?”

“ಮುಕ್ಕಾಲು ಗಂಟೆ ಇರ್ಬೋದು.”

ಅವರು ಮೊರ ಕೆಳಗಿಟ್ಟರು. “ಹೊಸ್ತಿಲಾಚೆಗೇ ಇದ್ನಲ್ಲೇ ನಾನು,” ಎಂದರು. ಅದುವರೆಗೆ ನನ್ನನ್ನು ಬಹುವಚನ ಬಿಟ್ಟು ಮಾತಾಡಿಸಿದ್ದು ಒಂದೇ ಸಲ, ಜೀಪಿಗೆ ಓಡಿಸಿದಾಗ. “ಬೈತಿದ್ದೆ. ಬೈದ್ರೆ ಬೈಸ್ಕೊಬೇಕಿತ್ತು. ನಾನೆಂತ ಹುಲಿಯಾ?” ಆಮೇಲೆ ಸೊಸೆಯ ಕಡೆ ತಿರುಗಿದರು. ನಾಲ್ಕು ವರ್ಷ ಅಂದ ಮಾತುಗಳೆಲ್ಲ ಅವರ ಬಾಯಿಗೆ ಬಂದು ನಿಂತಂತೆ ಕಂಡಿತು. ಬಾಯಿಂದ ಹೊರಟದ್ದು ಇಷ್ಟೇ: “ನಾಡಿದ್ದು ಬೆಳಿಗ್ಗೆ ಬಸ್ಸಿಗೆ ಸಾಗರಕ್ಕೆ ಹೊರಡು. ನಾನೂ ಬರ್ತೀನಿ.”

ಆ ರಾತ್ರಿಯಿಂದ ನಡುವಿನ ಬಾಗಿಲಿಗೆ ಆಚೆಯಿಂದ ಚಿಲಕ ಬಿತ್ತು.

ಒಂದೂವರೆ ತಿಂಗಳ ಮೇಲೆ ವೇಣಿ ಆಸ್ಪತ್ರೆಯಿಂದ ಒಂದು ಕಾರ್ಡು ಬರೆದಳು. ಒಂದು ಮಧ್ಯಾಹ್ನ ಊಟವಾಗಿ ಒರಗಿದ್ದಾಗ ಮತ್ತೆ ಹಾಗೆಯೇ ಶುರುವಾಯಿತಂತೆ, ನೋವಿಲ್ಲದೆ, ಸದ್ದಿಲ್ಲದೆ. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಅವಳ ಮುಖ ನೋಡಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದರಂತೆ. ಅವರ ಕೂಗಿಗೆ ಮಹಡಿಯ ಮೇಲಿನ ನರ್ಸುಗಳೂ ಇಳಿದು ಬಂದರಂತೆ. ಆಪರೇಶನ್ ಆಯಿತು, ಹೆಣ್ಣುಮಗು, ಇಬ್ಬರೂ ಇದ್ದೇವೆ ಎಂದು ಬರೆದಿದ್ದಳು. ಕಾರ್ಡಿನಲ್ಲಿ ಇನ್ನೂ ಜಾಗವಿತ್ತು. ಬೇರೇನೂ ಬರೆದಿರಲಿಲ್ಲ.

ನಾಮಕರಣ ಹೊಸನಗರದ ಮನೆಯಲ್ಲೇ ಆಯಿತು. ನನ್ನನ್ನು ಕರೆಯಲಿಲ್ಲ. ಕರೆಯದೆ ಇದ್ದದ್ದು ಸರಿ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಗೋಡೆಯ ಈಚೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆಚೆ ತೊಟ್ಟಿಲಿನ ಹಾಡು, ಬಳೆಗಳ ಸದ್ದು, ಯಾರದೋ ನಗು. ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ ಮಗು ಒಂಟಿಯಾಗಿ ಅಳತೊಡಗಿತು. ಪೆನ್ನು ಕೆಳಗೆ ಬಿತ್ತು. ನಾನು ಎದ್ದು, ಚಿಲಕ ಹಾಕಿದ ಆ ಬಾಗಿಲ ಮೇಲೆ ಎರಡೂ ಕೈ ಊರಿ ನಿಂತಿದ್ದೆ. ಆಚೆಯಿಂದ ಗಿರಿಜಮ್ಮ ಓಡಿ ಬರುವ ಹೆಜ್ಜೆ ಕೇಳಿಸಿತು. “ಬಂದೆ, ಬಂದೆ ನನ್ನವ್ವ, ಇಲ್ಲೇ ಇದೀನಿ.”

ಅಳು ನಿಂತಿತು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.